ಟಂಟಂ ಸಲಾಮು

ಹಾರ್ನ್ ಕೇಳಿದರೆ ತನಗೆ ಹೆದರಿಕೆ ಎಂಬುದನ್ನು ಪರಿಮಳಾ ಯಾರಿಗೂ ಹೇಳಿರಲಿಲ್ಲ. ಬಿ.ಎ. ಮುಗಿಸಿದವಳಿಗೆ ಟಂಟಂ ಆಟೋದ ಸದ್ದಿನ ಅಂಜಿಕೆಯೇ ಎಂದು ತನ್ನನ್ನೇ ಬೈದುಕೊಳ್ಳುತ್ತ ಕಾಲುವೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಳು. ಶಹಾಪುರದ ಝೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕು ತಿಂಗಳಾಗಿತ್ತು. "ಒಮ್ಮೆ ಬಿದ್ದಿ ಅಂದ್ರ ಸೈಕಲ್ಲೂ ಬಂದ್, ಕೆಲಸಾನೂ ಬಂದ್," ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಬೆನ್ನ ಹಿಂದೆಯೇ ಹಾರ್ನ್ ಕೂಗಿತು. ಒಂದಲ್ಲ, ಮೂರು ಸಲ. ಊರಿನ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಬಸವಂತನ ಟಂಟಂ. ಪರಿಮಳಾ ತಿರುಗಿ ನೋಡಲಿಲ್ಲ. ಹ್ಯಾಂಡಲ್ ತಾನಾಗಿ ಎಡಕ್ಕೆ ಹೊರಳಿತು. ಡಾಂಬರಿನ ಅಂಚು ಕುಸಿದಿದ್ದ ಜಾಗ. ಚಕ್ರ ಜಾರಿ, ಸೈಕಲ್ ಸಮೇತ ಭತ್ತದ ಗದ್ದೆಯ ಕೆಸರಿಗೆ ಬಿದ್ದಳು. ಅವಳು ಆಗಷ್ಟೇ ಇದ್ದ ಜಾಗವನ್ನು ಸವರಿಕೊಂಡು ಟಂಟಂ ಮುಂದೆ ಹೋಗಿ ಗಕ್ಕನೆ ನಿಂತಿತು.

"ಅಯ್ಯ, ಹುಡುಗಿ ಹೋತೋ!" ಅದರಲ್ಲಿ ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸರು ಒಟ್ಟಿಗೆ ಕೂಗಿದರು.

ಬಸವಂತ ಓಡಿ ಬಂದ. "ಕೈಕಾಲು ಆಡಿಸು ತಂಗಿ, ಆಡಿಸು!"

ಆಡಿಸಿದಳು. ಮೊಣಕೈ ತರಚಿತ್ತು, ಅಷ್ಟೇ. ಬಸವಂತ ಅಲ್ಲೇ ಕುಕ್ಕರಿಸಿ ಟವೆಲಿನಿಂದ ಮುಖ ಒರೆಸಿಕೊಂಡ. "ಯಪ್ಪಾ, ಉಳದ್ನಿ!"

"ಉಳದಾಕಿ ಆಕಿ. ನೀ ಏನ್ ಉಳದಿಯೋ?" ಎಂದಳು ಪಕ್ಕದ ಮನೆಯ ಲಾಲಮ್ಮ. ಆಮೇಲೆ ಪರಿಮಳಾಳ ಕಡೆ ತಿರುಗಿ, "ಹೊಲಕ್ಕ ಇಳಿಯೋರು ನಾವು. ನೀ ಯಾಕವ್ವಾ ಮೊದಲೇ ಇಳದಿ?"

ಎಲ್ಲರಿಗೂ ತಡೆದಿದ್ದ ಉಸಿರು ನಗುವಾಗಿ ಹೊರಬಂತು. ಪರಿಮಳಾಳಿಗೂ.

"ಮೂರ್ ಸಲ ಹೊಡದೀನಲ್ಲ ತಂಗಿ, ದಿನಾ ಹೊಡೀತೀನಿ," ಎಂದ ಬಸವಂತ. ತುಸು ನಾಚಿಕೊಂಡು ಸೇರಿಸಿದ, "ನಮ್ಮೂರ ಹುಡುಗಿ ಓದಿ ಕೆಲಸಕ್ಕ ಹೊಂಟಾಳ. ಸುಮ್ನ ಹಾದು ಹೋದ್ರ ಸೊಕ್ಕು ಅಂದ್ಕೋತಾಳ ಅಂತ ಸಲಾಮ್ ಹೊಡ್ಯಾಕತ್ತಿದ್ನಿ."

ಪರಿಮಳಾ ಅವನನ್ನೇ ನೋಡಿದಳು. ತಿಂಗಳಿಡೀ ಆ ಸದ್ದು ಅವಳಿಗೆ ಕೇಳಿಸಿದ್ದು ಒಂದೇ ರೀತಿ: ಪಕ್ಕಕ್ಕೆ ಸರಿ, ದಾರಿ ಬಿಡು.

"ನಿಮ್ಮವ್ವಗ ಹೇಳ್ತೀನಿ ತಡಿ," ಎಂದಳು ಲಾಲಮ್ಮ. "ಸೈಕಲ್ ಸಾಕು. ನಾಳಿಂದ ನಮ್ಮ ಜೋಡಿ ಬಾ."

"ಹೌದು, ಮುಂದ ಕೂಡಸ್ತೀನಿ," ಎಂದ ಬಸವಂತ.

ಎಲ್ಲರೂ ತಲೆಯಾಡಿಸಿದರು. ಪರಿಮಳಾಳ ತಲೆಯೂ ಅಭ್ಯಾಸದಂತೆ ಆಡತೊಡಗಿತ್ತು, ನಡುವೆಯೇ ನಿಲ್ಲಿಸಿದಳು. ಸೈಕಲ್ಲನ್ನು ಮೇಲಕ್ಕೆಳೆದು ಸ್ಟ್ಯಾಂಡ್ ಹಾಕಿದಳು.

"ಹಾರ್ನ್ ಬ್ಯಾಡ್ರಿ ಅಣ್ಣಾ."

ದನಿ ಯಾರಿಗೂ ಮುಟ್ಟಲಿಲ್ಲ. ಇನ್ನೊಮ್ಮೆ ಹೇಳಿದಳು. "ಕಿವಿ ಹತ್ರ ಹಾರ್ನ್ ಬ್ಯಾಡ್ರಿ. ನಂಗ ಅಂಜಿಕಿ ಆಗ್ತದ. ಅದಕ್ಕ ಬಿದ್ನಿ."



"ಹಂಗಾರ ಹೆಂಗ್ ದಾಟ್ಲಿ?" ಬಸವಂತ ನಿಜಕ್ಕೂ ಕೇಳಿದ.

"ಒಂದು ಮಾರು ಬಿಟ್ಟು ದಾಟ್ರಿ."

"ಎದುರಿಗೆ ಲಾರಿ ಬಂದ್ರ?"

"ನನ್ನ ಹಿಂದ ತಡೀರಿ."

ಬಸವಂತ ರಸ್ತೆಯ ಅಗಲವನ್ನು ಕಣ್ಣಲ್ಲೇ ಅಳೆದ. "ಒಂದ್ ಮಾರಂದ್ರ ಎಷ್ಟಾತವ್ವಾ?"

ಪರಿಮಳಾ ಜಾರುತ್ತಿದ್ದ ದುಪಟ್ಟಾವನ್ನು ಬಿಟ್ಟುಬಿಟ್ಟಳು. ಟಂಟಂ ತುಂಬ ಜನ ನೋಡುತ್ತಿರುವಾಗಲೇ, ಡಾಂಬರಿನ ಮೇಲೆ ನಿಂತು, ಕೆಸರು ಮೆತ್ತಿದ ಎರಡೂ ಕೈಗಳನ್ನು ಬೆರಳ ತುದಿಯವರೆಗೂ ಚಾಚಿದಳು.

"ನಂಗ ಇಷ್ಟು ಜಾಗ ಬೇಕ್ರಿ."