ಕಾರಿನ ಮೂತಿಯ ರಾಕ್ಷಸ

ನಮ್ಮ ಮನೆ ಮಾಲೀಕರು ಚಿಕ್ಕಬೈರಪ್ಪನವರು ಹೊಸ ಕಾರು ತಂದ ದಿನ ಎದುರುಮನೆ ಬಸವಲಿಂಗಮ್ಮ, "ಕಾರು ಚೆನ್ನಾಗಿದೆ ಕಣಣ್ಣ" ಅಂದರು. ಅಷ್ಟೇ. ಸಂಜೆಯೊಳಗೆ ದೃಷ್ಟಿ ತಾಕದಿರಲೆಂದು ಕಾರಿನ ಮೂತಿಗೆ ಮೊರದಗಲದ ರಾಕ್ಷಸನ ಮುಖ ಬಂದು ಕೂತಿತು.

ಮಾರನೆಯ ದಿನ ಕನಕಪುರ ರಸ್ತೆಯಲ್ಲಿ ಇಂಜಿನ್ ಕಾದು ಹಬೆಯಾಡಿತು. "ಆಯಮ್ಮನ ಕಣ್ಣು ಎಂಥದು ನೋಡಿ" ಎಂದ ಮಾಲೀಕರು ರಾಕ್ಷಸನ ಪಕ್ಕಕ್ಕೆ ಕರಿ ಕಂಬಳಿಯ ತುಂಡನ್ನೂ ಬಿಗಿದರು. ಬಾಡಿಗೆಗಿರುವವನಿಗೆ ಅಭಿಪ್ರಾಯಗಳಿರಬಾರದು, ನನಗಿರಲಿಲ್ಲ. ಮೂರನೆಯ ದಿನ ಕಾರು ಹತ್ತಿರದ ಜರಗನಹಳ್ಳಿಯನ್ನೇ ದಾಟಲಿಲ್ಲ.

ಕೊನೆಗೆ ಮೆಕ್ಯಾನಿಕ್ ಕೈಲಾಸ್ ಬಂದ. ನೀರು ನೋಡಿದ, ಫ್ಯಾನ್ ನೋಡಿದ. ಆಮೇಲೆ ರಾಕ್ಷಸನನ್ನೂ ಕಂಬಳಿಯನ್ನೂ ಬಿಚ್ಚಿಟ್ಟು ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಬಿಸಿ ತೋರಿಸುವ ಮುಳ್ಳು ಮೇಲೇಳಲೇ ಇಲ್ಲ.

"ರೇಡಿಯೇಟರ್‌ಗೆ ಗಾಳಿನೇ ಹೋಗ್ತಿರ್ಲಿಲ್ಲ ಸಾರ್. ಇವೆರಡೇ ಅಡ್ಡ ಇದ್ದಿದ್ದು."

ಮಾಲೀಕರು ರಾಕ್ಷಸನ ರಬ್ಬರ್ ಕೆನ್ನೆ ಮುಟ್ಟಿ ನೋಡಿದರು. ಬಿಸಿ ಇನ್ನೂ ಆರಿರಲಿಲ್ಲ.

"ಮುಟ್ಟಿ ನೋಡಯ್ಯ, ಹೆಂಗೆ ಕಾದದೆ. ಆಯಮ್ಮನ ಕಣ್ಣನ್ನೆಲ್ಲ ಪಾಪ ಇದೊಂದೇ ತಡ್ಕೊಂಡದೆ. ಇದು ಸಾಲಲ್ಲ, ಇನ್ನೂ ದೊಡ್ಡದು ಕಟ್ಟಬೇಕು."

ಕೈಲಾಸ್ ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡ.

"ಹಂಗಾದ್ರೆ ನಾಳೆ ಎಷ್ಟೊತ್ತಿಗೆ ಬರ್ಲಿ ಸಾರ್?"