ಅಜ್ಜಿಗೆ ಬರದ ಕಾಯಿಲೆ

ಹೀಲೋ ಪಟ್ಟಣದ ಶಾಲೆಯ ವಿಜ್ಞಾನ ಮೇಳಕ್ಕೆ ರೋಸಿನಾ ಬಂದದ್ದು ಗೆಳತಿ ಮೋಮಿಗೆ ಬಹುಮಾನ ಬರುವುದನ್ನು ಕಣ್ಣಾರೆ ನೋಡಲು. ಚೂಕ್ ದ್ವೀಪದಿಂದ ಬಂದ ಈ ಹೊಸ ಹುಡುಗಿಯನ್ನು ಇಡೀ ಶಾಲೆಯಲ್ಲಿ ಮಾತಾಡಿಸಿದವಳು ಮೋಮಿಯೊಬ್ಬಳೇ. ಏಳು ವಾರಗಳಿಂದ ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತು, ತನ್ನ ಬುತ್ತಿಯಲ್ಲಿ ಅರ್ಧ ಕೊಡುತ್ತಿದ್ದಳು. ನಡುವೆ ಒಂದು ವಾರ ಮಾತ್ರ, ಅಜ್ಜಿಗೆ ಹುಷಾರಿಲ್ಲವೆಂದು ಮನೆಗೆ ಓಡುತ್ತಿದ್ದಳು. ಆ ವಾರ ರೋಸಿನಾ ಒಬ್ಬಳೇ ಕೂತು ಉಂಡಳು. ಕಾಯಿಲೆಯವರ ಮನೆಗೆ ತಿನ್ನಲು ಏನಾದರೂ ಹೋಗಲೇಬೇಕೆಂಬುದು ಅವಳ ಮನೆಯ ರೂಢಿ. ಅಮ್ಮನನ್ನು ಕಾಡಿ, ಹಲಸಿನ ಜಾತಿಯ ಜೀಗುಜ್ಜೆ ಕಾಯಿ ಬೇಯಿಸಿ ಕುಟ್ಟಿಸಿ, ಎಲೆಯಲ್ಲಿ ಕಟ್ಟಿ ಮೋಮಿಯ ಕೈಲಿ ಕಳಿಸಿದ್ದಳು.

ಆ ಅಜ್ಜಿ ಈಗ ಮೋಮಿಯ ಪ್ರಯೋಗದ ವಿವರ ಅಂಟಿಸಿದ್ದ ಹಲಗೆಯ ಪಕ್ಕ ಗುಂಡುಕಲ್ಲಿನಂತೆ ನಿಂತಿದ್ದರು.

"ಅಜ್ಜಿ, ಈಗ ಹುಷಾರಾದ್ರಾ?"

"ನಂಗೇನಮ್ಮಾ ಆಗಿತ್ತು? ಒಂದು ನೆಗಡೀನೂ ಬಂದಿಲ್ಲ." ಅಜ್ಜಿ ನಕ್ಕರು. "ಓಹೋ, ಜೀಗುಜ್ಜೆ ಕಳ್ಸಿದೋಳು ನೀನೇನಾ? ಬೆರಳು ನೆಕ್ಕೊಂಡು ತಿಂದೆ ಕಣೆ!"

ರೋಸಿನಾ ಹಲಗೆಯನ್ನು ಓದಿದಳು. 'ವಿದ್ಯಾರ್ಥಿನಿ ಅ. ದ್ವೀಪದಿಂದ ಬಂದವಳು, ಒಬ್ಬಳೇ ಉಣ್ಣುತ್ತಾಳೆ. ಜೊತೆ ಸಿಕ್ಕರೆ ಮಾತಾಡುತ್ತಾಳೆಯೇ? ದಿನಕ್ಕೆ ಎಷ್ಟು ಮಾತು ಎಂದು ಪಕ್ಕದ ಮೇಜಿನಿಂದ ಸಹಪಾಠಿ ಎಣಿಸಿದ್ದು.' ಕೆಳಗಿನ ನಕ್ಷೆಯಲ್ಲಿ ಕೆಂಪು ಗೆರೆ ಮೂರು ವಾರ ಏರಿ, ನಾಲ್ಕನೇ ವಾರ ಕುಸಿದು, ಮತ್ತೆ ಏರಿತ್ತು. ಕುಸಿದಲ್ಲಿ ಬರೆದಿತ್ತು: 'ಜೊತೆಯನ್ನು ಬೇಕೆಂದೇ ನಿಲ್ಲಿಸಲಾಯಿತು. ಎರಡು ಸಲ ಅತ್ತಳು.'

ಈ ಪ್ರಯೋಗಕ್ಕೆಂದು ಅಮ್ಮ ಸಹಿ ಹಾಕಿಕೊಟ್ಟ ಒಪ್ಪಿಗೆ ಕಾಗದ ನೆನಪಾಯಿತು. ಊಟದ ಅಭ್ಯಾಸದ ಬಗ್ಗೆ ನಾಲ್ಕು ಪ್ರಶ್ನೆ, ಅಷ್ಟೇ ಎಂದು ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದ್ದಳು ಮೋಮಿ.

"ಹೆಸರು ಹಾಕಿಲ್ಲ ಕಣೇ," ಮೋಮಿ ಹತ್ತಿರ ಬಂದು ಪಿಸುಗುಟ್ಟಿದಳು. "ನೀನು ಅಂತ ಯಾರ್ಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ಲ."

ಅತ್ತದ್ದನ್ನು ಎಣಿಸಿದ್ದಕ್ಕಿಂತ ಅವಳಿಗೆ ಹೆಚ್ಚು ನೋವಾದದ್ದು ಆ ಜೀಗುಜ್ಜೆಯನ್ನು ನೆನೆದು. ಇಲ್ಲದ ಕಾಯಿಲೆ ವಾಸಿಯಾಗಲೆಂದು ಅವಳು ಚರ್ಚಿನಲ್ಲಿ ಮೊಣಕಾಲೂರಿ ಬೇಡಿಕೊಂಡಿದ್ದಳು.

ಅಷ್ಟರಲ್ಲಿ ತೀರ್ಪುಗಾರ್ತಿ ಬಂದರು. ಗೆರೆಯನ್ನು ನೋಡಿ ತಲೆದೂಗಿದರು. "ಚೆನ್ನಾಗಿದೆ. ಪ್ರಯೋಗ ಮುಗೀತಲ್ಲ, ಈಗ ಆ ಹುಡುಗಿ ಹೇಗಿದ್ದಾಳಮ್ಮ?"

ರೋಸಿನಾ ಮೇಜಿನ ಮೇಲಿದ್ದ ಕೆಂಪು ಪೆನ್ನು ಎತ್ತಿಕೊಂಡು, ಏಳನೇ ವಾರದ ತುದಿಯಿಂದ ಗೆರೆಯನ್ನು ನೇರ ಸೊನ್ನೆಗೆ ಎಳೆದಳು.

"ಇದು ಎಂಟನೇ ವಾರ," ಎಂದು ಪೆನ್ನಿಟ್ಟು ಬಾಗಿಲ ಕಡೆ ನಡೆದಳು.

ಬೆನ್ನ ಹಿಂದೆ ಅಜ್ಜಿಯ ದನಿ ಕೇಳಿಸಿತು. "ಮೋಮಿ, ಇಲ್ಲಿ ನೋಡೇ. ನಂಗೆ ಯಾವ ಕಾಯಿಲೆ ಬಂದಿತ್ತು?"