ಸಪ್ಪಲಮ್ಮನ ಬಾಗಿಲು

"ಫೋನು ನಿಮ್ಮ ಜೇಬಲ್ಲೇ ಇತ್ತಲ್ಲ ಸಾರ್! ಆಸ್ಪತ್ರೆಯಿಂದ ಬಂದ್ರೆ ಹೇಳಿ ಅಂತ ನಾನೇ ಕೈಯಾರೆ ಕೊಟ್ಟಿದ್ನಲ್ಲ! ಯಾಕೆ ಹೇಳ್ಲಿಲ್ಲ? ಬಾಯಿ ಬಿದ್ದೋಗಿತ್ತಾ ನಿಮ್ಗೆ?"

"ಲೇ ಕದಿರಪ್ಪ, ಮರ್ಯಾದೆಯಿಂದ ಮಾತಾಡು. ಗುಡಿ ಮುಂದೆ ನಿಂತಿದ್ದೀಯ."

"ಮರ್ಯಾದೆ ಕೊಟ್ಟಿದ್ಕೇ ಸಾರ್ ಇವತ್ತು ಹಿಂಗೆ ನಿಂತಿರೋದು. ಮರ್ಯಾದೆ ಬಿಟ್ಟು ಅವತ್ತೇ ನಿಮ್ಮ ಮಾತು ತಳ್ಳಿ ಹಾಕಿ ಆಸ್ಪತ್ರೇಲೇ ಕೂತಿದ್ದಿದ್ರೆ ನನ್ನ ಮಗಳ ಬಾಯಿಗೆ ಒಂದು ತೊಟ್ಟು ನೀರಾದ್ರೂ ಬಿಡ್ತಿದ್ದೆ."

ಸೊಣ್ಣಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ತಾಲ್ಲೂಕಿನ ಮುಜರಾಯಿ ದೇವಸ್ಥಾನಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಅವರು. ಬಾಯಿ ಜೋರು ಎಂದು ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೂ ಹೆಸರಾದವರು. ಪ್ಯಾಂಟು ಹಾಕಿಕೊಂಡು ಗರ್ಭಗುಡಿಗೆ ಹೋದ ಪೂಜಾರಿಯನ್ನು ಕುತ್ತಿಗೆ ಹಿಡಿದು ಹೊರಗೆ ತಂದಿದ್ದರು. ಕಲಬೆರಕೆ ಸಿಮೆಂಟು ಕಲಸಿದ ಗುತ್ತಿಗೆದಾರನ ಮೇಲೆ ಅದೇ ಗಾರೆಯನ್ನು ಬಾಚಿ ಎಸೆದಿದ್ದರು. ಅಂಥವರು ಈಗ ಈ ಗುಡಿಯ ಪೂಜಾರಿ ಕದಿರಪ್ಪನ ಮುಂದೆ ಬೀಗದ ಕೈ ಹಿಡಿದುಕೊಂಡು ನಿಂತಿದ್ದರು.

ಬೇವಿನ ಕಟ್ಟೆಯ ಮೇಲೆ ಊರಿನ ಹಿರಿಯ ಮುನಿಶಾಮಿ ಕೂತಿದ್ದ. ಕದಿರಪ್ಪನ ಹಿಂದೆ ಹೆಂಡತಿ ಭಾರತಮ್ಮ, ಹಿರೀ ಮಗಳು ರಜನಿ ನಿಂತಿದ್ದರು. ಕಿರಿಯವಳಾದ ಧನಶ್ರೀಯನ್ನು ಮಣ್ಣು ಮಾಡಿ, ಹಿಂದಿನ ದಿನವಷ್ಟೇ ಸೂತಕ ಕಳೆದಿತ್ತು.

ಗುಡಿಯ ಬಾಗಿಲು ತೆರೆದೇ ಇತ್ತು. ಬೆಳಿಗ್ಗೆ ಬಂದವರೇ ಸೊಣ್ಣಪ್ಪ ಬೀಗ ತೆಗೆದು ಎರಡೂ ರೆಕ್ಕೆಗಳನ್ನು ಸರಿಸಿ, ಕದಿರಪ್ಪನಿಗೆ ಹೇಳಿಕಳಿಸಿದ್ದರು. ಮುನಿಶಾಮಿ ಬೇಡವೆಂದಿದ್ದ. "ಅವ್ನು ಬರ್ಲಿ ಸಾರ್, ಆಮೇಲೆ ತೆಗೀರಿ. ಸಪ್ಪಲಮ್ಮನ ಬಾಗಿಲು ಒಂದ್ಸಲ ತೆಗೆದ್ರೆ ದೀಪ ಹಚ್ಚದೆ ಮುಚ್ಚಂಗಿಲ್ಲ." ಅದು ಸೊಣ್ಣಪ್ಪನಿಗೂ ಗೊತ್ತಿತ್ತು. ಆ ದೀಪ ಹಚ್ಚುವ ಕೈ ಕದಿರಪ್ಪನ ಮನೆತನದ್ದೇ ಆಗಬೇಕು, ಆ ಮನೆತನದಲ್ಲಿ ಉಳಿದಿರುವ ಗಂಡು ಅವನೊಬ್ಬನೇ ಎನ್ನುವುದೂ ಗೊತ್ತಿತ್ತು. ಬಾಗಿಲು ತೆರೆದಿರುವುದನ್ನು ಕಂಡರೆ ಎಷ್ಟೇ ಕೋಪವಿದ್ದರೂ ಪೂಜಾರಿಯ ಕಾಲು ತಾನಾಗಿ ಒಳಗೆ ಹೋಗುತ್ತದೆ ಎಂದು ಲೆಕ್ಕ ಹಾಕಿಯೇ ತೆಗೆದಿದ್ದರು.

ಈ ಗುಡಿಗಾಗಿ ಅವರು ಪಟ್ಟ ಪಾಡು ಒಂದೆರಡಲ್ಲ. ಮೊದಲ ಸಲ ನೋಡಲು ಬಂದಾಗ ಚಪ್ಪಡಿ ಬಿರಿದು ಮಳೆನೀರು ಅಮ್ಮನ ತಲೆಯ ಮೇಲೇ ಸುರಿಯುತ್ತಿತ್ತು. ಕದಿರಪ್ಪ ಗರ್ಭಗುಡಿಯೊಳಗೆ ಕೊಡೆ ಹಿಡಿದುಕೊಂಡು ಮಂಗಳಾರತಿ ಮಾಡುತ್ತಿದ್ದ. ಸೊಣ್ಣಪ್ಪ ಅಲ್ಲೇ ನಿಂತು ದುರಸ್ತಿಗೆ ಹಣ ಕೇಳಿ ಅರ್ಜಿ ಬರೆದಿದ್ದರು. ಅಂದಿನಿಂದ ಕೋಲಾರಕ್ಕೆ ಓಡಾಡಿದ್ದೇ ಓಡಾಡಿದ್ದು. ಮೇಜು ಗುದ್ದಿದರು, ಕಾಲು ಹಿಡಿದರು, ರಜೆ ಹಾಕಿ ಬಂದು ಕಲ್ಲುಕುಟಿಗರ ಜೊತೆ ಬಿಸಿಲಲ್ಲಿ ನಿಂತರು. "ದೇವಸ್ಥಾನದ ಸೂರು ಸೋರಿದ್ರೆ ನಿಮ್ಗೆ ನಿದ್ದೆ ಬರಲ್ಲ, ನಮ್ಮನೆ ಸೋರಿದ್ರೆ ಗೊರಕೆ ಹೊಡೀತೀರ," ಎಂದು ಹೆಂಡತಿ ಸುನಂದ ಆಡಿಕೊಳ್ಳುತ್ತಿದ್ದಳು. ಕೊನೆಗೂ ಗುಡಿ ಎದ್ದು ನಿಂತಿತು. ಪ್ರತಿಷ್ಠೆಗೆ ಮುಹೂರ್ತವೂ ಗೊತ್ತಾಯಿತು. ಅದು ತಪ್ಪಿದರೆ ಮುಂದೆ ಆಷಾಢ, ಆಮೇಲೆ ತಮಗೆ ನಿವೃತ್ತಿ.

ಅಷ್ಟರಲ್ಲಿ ಧನಶ್ರೀಗೆ ಜ್ವರ ಬಂತು. ಕೋಲಾರದ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಆಸ್ಪತ್ರೆಗೆ ಸೇರಿಸಿದರು. ಪ್ರತಿಷ್ಠೆಯ ಹಿಂದಿನ ಸಂಜೆ ಸೊಣ್ಣಪ್ಪ ಅಲ್ಲಿಗೇ ಹೋಗಿ, ಮಂಚದ ಪಕ್ಕ ಕೂತಿದ್ದ ಕದಿರಪ್ಪನನ್ನು ಎಬ್ಬಿಸಿದ್ದರು.

"ಜ್ವರ ಕಣಯ್ಯ, ಇಳಿಯುತ್ತೆ. ತಾಯಿ ಇದ್ದಾಳೆ, ಅಕ್ಕ ಇದ್ದಾಳೆ. ನೀನಿಲ್ದೆ ಅಮ್ಮನ ಕಣ್ಣು ಯಾರು ತೆರೆಸ್ತಾರೆ?"

"ಯಾಕೋ ಮನಸ್ಸು ಒಪ್ತಿಲ್ಲ ಸಾರ್."

"ನಾಳೆ ಮಂಗಳಾರತಿ ಆಗ್ತಿದ್ದಂಗೆ ನನ್ನ ಜೀಪಲ್ಲೇ ಕಳಿಸ್ತೀನಿ, ನಡಿ."

ಧನಶ್ರೀಯೇ ಸಣ್ಣ ದನಿಯಲ್ಲಿ, "ಹೋಗ್ಬಾರಪ್ಪ, ಅಮ್ಮನ್ನ ನನ್ ಪರವಾಗೂ ಕೇಳ್ಕೊ," ಎಂದಿದ್ದಳು.

ಮರುದಿನ ಕದಿರಪ್ಪ ಬಾವಿಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಬಂದ. ಒಳಗೆ ಹೋಗುವ ಮುಂಚೆ ಫೋನನ್ನು ಸೊಣ್ಣಪ್ಪನ ಕೈಗೆ ಕೊಟ್ಟ. ಆಮೇಲೆ ಹೋಮದ ಹೊಗೆ, ಡೋಲು, ಜನ. ಅಮ್ಮನ ಕಣ್ಣಿಗೆ ಮೆತ್ತಿದ್ದ ಜೇನುತುಪ್ಪವನ್ನು ಬಂಗಾರದ ಸೂಜಿಯಿಂದ ಬಿಡಿಸುವ ಹೊತ್ತು ಹತ್ತಿರವಾಗುತ್ತಿದ್ದಂತೆ ಜೇಬಿನಲ್ಲಿ ಫೋನು ನಡುಗಿತು. ಸೊಣ್ಣಪ್ಪ ಬೇವಿನ ಮರದ ಹಿಂದಕ್ಕೆ ಹೋಗಿ ಕಿವಿಗಿಟ್ಟರು. ಆ ಕಡೆ ರಜನಿ.

"ಸಾರ್, ಅಪ್ಪನ್ನ ಕರ್ಕೊಂಡ್ ಬನ್ನಿ ಸಾರ್. ಧನುಗೆ ತುಂಬ ಕಷ್ಟ ಆಗಿದೆ. ಬೇಗ ಕರ್ಕೊಂಡ್ ಬನ್ನಿ." ಅಷ್ಟು ಹೇಳಿ ಅಳತೊಡಗಿದಳು.

ಹುಡುಗಿ ತೀರಿಕೊಂಡಿದ್ದಾಳೆ ಎಂದು ಸೊಣ್ಣಪ್ಪ ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟರು. ಈ ಸೀಮೆಯಲ್ಲಿ ಸಾವನ್ನು ಫೋನಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೂರದಲ್ಲಿರುವವನು ದಾರಿಯಲ್ಲಿ ಎದೆಯೊಡೆದುಕೊಳ್ಳಬಾರದೆಂದು, ಹುಷಾರಿಲ್ಲ ಬೇಗ ಬಾ ಎಂದಷ್ಟೇ ಹೇಳಿ ಕರೆಸಿಕೊಳ್ಳುತ್ತಾರೆ. ಸೊಣ್ಣಪ್ಪನ ಅಪ್ಪ ಹೋದಾಗಲೂ ಹಾಗೇ ಕರೆದಿದ್ದರು. ಆಪಲ್ ಹಣ್ಣು ಕೊಂಡುಕೊಂಡು ವಕ್ಕಲೇರಿಯ ಮನೆಗೆ ಹೋದರೆ, ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಸೂತಕ ಹಿಡಿಯುವುದು ಕಿವಿಗೆ ಬಿದ್ದ ಮೇಲೆ. ಕದಿರಪ್ಪನ ಕಿವಿಗೆ ಬಿತ್ತೆಂದರೆ ಸೂಜಿ ಕೆಳಗಿಡಬೇಕು, ಹೊರಗೆ ಬರಬೇಕು. ಅಮ್ಮ ಕಣ್ಣು ಮುಚ್ಚಿಕೊಂಡೇ ಉಳಿಯುತ್ತಾಳೆ. ಹೋದವಳು ಹೇಗೂ ಹೋದಳು, ಇನ್ನು ಸ್ವಲ್ಪ ಹೊತ್ತು ತಡವಾದರೆ ಆಗುವುದೇನು? "ಆಗ್ಲಮ್ಮ, ಕಳಿಸ್ತೀನಿ," ಎಂದು ಫೋನು ಜೇಬಿಗಿಟ್ಟರು. ಜೀಪನ್ನು ಕೋಲಾರದ ಕಡೆಗೆ ಮುಖ ಮಾಡಿ ನಿಲ್ಲಿಸಲು ಡ್ರೈವರಿಗೆ ಹೇಳಿದರು. ಬಾಗಿಲಲ್ಲಿ ನಿಂತು ನೋಡಿದರೆ ಕದಿರಪ್ಪ ಅಮ್ಮನ ಮುಂದೆ ಕನ್ನಡಿ ಹಿಡಿದಿದ್ದ, ಮುಖದಲ್ಲಿ ಬೆವರು, ಸಂತೋಷ. ಸೊಣ್ಣಪ್ಪನಿಗೆ ಕಣ್ಣು ತುಂಬಿಬಂತು. ಅದನ್ನು ಜನ ಭಕ್ತಿ ಎಂದುಕೊಂಡರು.

ಮಂಗಳಾರತಿ ಮುಗಿದ ಮೇಲೆ ಅವರೂ ಅದೇ ಮೆತ್ತನೆಯ ಮಾತು ಆಡಿದರು: "ಮಗಳಿಗೆ ಸ್ವಲ್ಪ ಜಾಸ್ತಿಯಾಗಿದೆಯಂತೆ, ಜೀಪು ಹತ್ತು." ಕದಿರಪ್ಪ ಬಾಳೆ ಎಲೆಯಲ್ಲಿ ಪ್ರಸಾದ ಕಟ್ಟಿಕೊಂಡು ಹತ್ತಿದ.

ಅವನು ಆಸ್ಪತ್ರೆ ಮುಟ್ಟಿದಾಗ ಧನಶ್ರೀಯ ಮೈ ಇನ್ನೂ ಬೆಚ್ಚಗಿತ್ತು.

ಫೋನು ಬಂದಾಗ ಅವಳಿನ್ನೂ ಬದುಕಿದ್ದಳು ಎಂದು ಸೊಣ್ಣಪ್ಪನಿಗೆ ಗೊತ್ತಾಗಿದ್ದು ಮಣ್ಣಿನ ದಿನ, ಹೆಂಗಸರ ಅಳುವಿನ ನಡುವೆ. ಅವತ್ತು ಕದಿರಪ್ಪ ಮಾತಾಡಿರಲಿಲ್ಲ. ಇವತ್ತು ಎಲ್ಲ ಸೇರಿಸಿ ಆಡುತ್ತಿದ್ದ.

"ಹೋಗ್ಬಿಟ್ಟಿದ್ದಾಳೆ ಅಂದ್ಕೊಂಡೆ ಕಣಯ್ಯ!" ಸೊಣ್ಣಪ್ಪ ಕಿರುಚಿದರು. "ಯಾರಾದ್ರೂ ಹಂಗೇ ಅಂದ್ಕೊಳ್ಳೋರು. ಮುನಿಶಾಮಿ, ನೀನೇ ಹೇಳು. ಬೇಗ ಬನ್ನಿ ಅಂತ ಅತ್ಕೊಂಡು ಫೋನ್ ಬಂದ್ರೆ ಏನಂತ ಅರ್ಥ?"

ಮುನಿಶಾಮಿ ನೆಲ ನೋಡಿದ. "ಹಂಗೇ ಅಂದ್ಕೊಳ್ಳೋದು ಸಾರ್."

"ಒಂದು ಮಾತು ಕೇಳ್ಬೋದಿತ್ತಲ್ಲ ಸಾರ್," ರಜನಿ ಹೇಳಿದಳು. "ಇದ್ದಾಳಾ ಅಂತ. ನಾನು ಫೋನ್ ಹಿಡ್ಕೊಂಡೇ ನಿಂತಿದ್ದೆ, ನೀವೇ ಕಟ್ ಮಾಡಿದ್ರಿ. ಅವ್ಳು ಬಾಗ್ಲನ್ನೇ ನೋಡ್ತಿದ್ಲು. ಯಾರ ಚಪ್ಪಲಿ ಸದ್ದಾದ್ರೂ, ಅಪ್ಪ ಬಂತಾ ಅಂತ ಕೇಳ್ತಿದ್ಲು. ಬರ್ತಿದ್ದಾರೆ ಕಣೇ, ಸಾಹೇಬ್ರು ಕಳಿಸ್ತೀನಿ ಅಂದಿದ್ದಾರೆ ಅಂತ ನಾನು ಹೇಳ್ತಾನೇ ಇದ್ದೆ."

ಕೇಳಬಹುದಿತ್ತು. ಆದರೆ ಇದ್ದಾಳೆ ಎಂದುಬಿಟ್ಟಿದ್ದರೆ? ಕೇಳದಿದ್ದುದೇ ಆ ಹೊತ್ತಿಗೆ ಅನುಕೂಲವಾಗಿತ್ತು. ಈ ಯೋಚನೆ ಬಂದದ್ದೇ ಸೊಣ್ಣಪ್ಪನಿಗೆ ತಮ್ಮ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೆ ಅದನ್ನು ಎದುರಿಗಿದ್ದವರ ಮೇಲೆ ಹಾಕುವುದೇ ಅವರ ಅಭ್ಯಾಸ.

"ನನಗೋಸ್ಕರ ಮಾಡಿದ್ನೇನ್ರಯ್ಯಾ? ನಿಮ್ಮೂರ ದೇವರು, ನಿಮ್ಮ ಮನೆತನದ ಪೂಜೆ! ಒಂದೇ ಒಂದು ದೋಷ ತೋರ್ಸು ನೋಡೋಣ. ನಿನ್ನ ಕಿವಿಗೆ ಬಿದ್ದಿರ್ಲಿಲ್ಲ, ಸೂತಕ ಇರ್ಲಿಲ್ಲ. ಪ್ರತಿಷ್ಠೆ ಶುದ್ಧವಾಗೇ ಆಗಿದೆ."

ಕದಿರಪ್ಪ ಅವರನ್ನೇ ದಿಟ್ಟಿಸಿದ. ದನಿ ಇಳಿಯಿತು. "ನೀವು ಕೇಳಿಸ್ಕೊಂಡ್ರಲ್ಲ ಸಾರ್."

"ನಾನು ಬೇರೆಯವನು. ನನಗ್ಯಾವ ಸೂತಕ?"

"ಅದೇ ನೋಡಿ. ನಿಮಗಿಲ್ಲ." ಮನೆಯಲ್ಲಾಡುವ ತೆಲುಗು ಅವನಿಗೆ ತಡೆಯಲಾರದೆ ಬಂತು. "ನಾ ಬಿಡ್ಡ ಸಾರ್ ಅದಿ. ನನ್ನ ಮಗು ಸಾರ್. ನಾ ಬಿಡ್ಡ!"

ಭಾರತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಗುಡಿಯ ಒಳಗೆ ನೋಡುತ್ತ, "ಆಯಮ್ಮನಿಗೆ ಕಣ್ಣು ಬಿಡಿಸ್ತಾ ಇದ್ರು, ನಮ್ಮ ಧನು ಕಣ್ಣು ನಾನು ಮುಚ್ದೆ," ಎಂದಳು. ಆಮೇಲೆ ರಜನಿಯ ಕೈ ಹಿಡಿದುಕೊಂಡು ರಸ್ತೆಯ ಕಡೆ ಹೊರಟಳು. ಅಲ್ಲಿ ಆಟೊದ ಮೇಲೆ ಟ್ರಂಕು, ಹಾಸಿಗೆ ಸುರುಳಿ ಕಟ್ಟಿರುವುದನ್ನು ಸೊಣ್ಣಪ್ಪ ಆಗಲೇ ನೋಡಿದ್ದು.

"ಏನಿದು? ಎಲ್ಲಿಗೆ ಹೊರಟ್ರಿ?"

ಕದಿರಪ್ಪ ಬಲಗೈಯಲ್ಲಿದ್ದ ಪೂಜಾರಿಕೆಯ ಕಡಗವನ್ನು ಕಳಚಲು ನೋಡಿದ. ಅಪ್ಪನ ಸೂತಕ ಕಳೆದ ದಿನ ತೊಡಿಸಿದ ಬೆಳ್ಳಿಯ ಕಡಗ, ಮಣಿಕಟ್ಟಿಗೆ ಅಂಟಿಕೊಂಡುಬಿಟ್ಟಿತ್ತು. ಉಗುಳು ಹಚ್ಚಿ ಎಳೆದ. ಚರ್ಮ ಕಿತ್ತು ರಕ್ತ ಬಂತು. ಕಡಗವನ್ನು ಹೊಸ್ತಿಲ ಮೇಲಿಟ್ಟ. ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

"ಕದಿರಪ್ಪ, ಬಾಗಿಲು ತೆರೆದಿದೆ ಕಣಯ್ಯ," ಸೊಣ್ಣಪ್ಪನ ದನಿ ಒಡೆಯಿತು. "ಒಂದು ದೀಪ ಹಚ್ಚಿ ಹೋಗು. ನನ್ನ ಮುಖ ನೋಡ್ಬೇಡ, ಅಮ್ಮನ ಮುಖ ನೋಡು."

"ತೆಗೆದಿದ್ದು ಯಾರು ಸಾರ್?"

ಅಷ್ಟು ಹೇಳಿ ಅವನು ತಿರುಗಿದ. ಮುನಿಶಾಮಿ ಕಟ್ಟೆಯಿಂದಿಳಿದು, "ಕದಿರಾ, ಬೇಡ್ವೋ, ಊರಿಗೆ ಒಳ್ಳೇದಾಗಲ್ವೋ," ಎಂದು ನಾಲ್ಕು ಹೆಜ್ಜೆ ಹಿಂದೆ ಹೋದ. ಕದಿರಪ್ಪ ನಿಲ್ಲಲಿಲ್ಲ. ಆಟೊ ಆಂಧ್ರದ ಗಡಿಯ ಕಡೆಗೆ ತಿರುಗಿತು.

ಸೊಣ್ಣಪ್ಪ ಮೆಟ್ಟಿಲ ಮೇಲೆ ಕೂತರು. ಹಿಂದೆ ಗರ್ಭಗುಡಿಯ ಕತ್ತಲಲ್ಲಿ ಹೊಸದಾಗಿ ತೆರೆದ ಕಣ್ಣುಗಳಿದ್ದವು. ಒಣಗಿದ ಹೂವು, ಹಳಸಿದ ಎಣ್ಣೆಯ ವಾಸನೆ ಬರುತ್ತಿತ್ತು. ಬಾಗಿಲು ಎಳೆದುಕೊಳ್ಳಲು ಒಮ್ಮೆ ಎದ್ದರು. ಮುನಿಶಾಮಿ ನೋಡುತ್ತಿದ್ದ. ಮತ್ತೆ ಕೂತರು.

"ಸಂಜೆಯೊಳ್ಗೆ ಬರ್ತಾನೆ," ಎಂದರು. "ಸಿಟ್ಟು, ಇಳಿಯುತ್ತೆ."

ಮುನಿಶಾಮಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಬಿಸಿಲು ಇಳಿಯಿತು, ಡೈರಿಗೆ ಹಾಲು ಹಾಕಲು ಹೊರಟ ಹೆಂಗಸರು ತೆರೆದ ಬಾಗಿಲನ್ನು, ಮೆಟ್ಟಿಲ ಮೇಲಿದ್ದ ಸಾಹೇಬರನ್ನು ನೋಡಿ ರಸ್ತೆಯ ಆ ಬದಿಗೆ ಸರಿದು ಹೋದರು. ಗಡಿಯ ಕಡೆಯಿಂದ ಆಟೊ ಸದ್ದಾದಾಗಲೆಲ್ಲ ಸೊಣ್ಣಪ್ಪ ತಲೆಯೆತ್ತಿದರು.

ಕದಿರಪ್ಪ ಬರಲಿಲ್ಲ.